ತೊಗಲು ತತ್ತಿ: ಕಲ್ಲು ತಿಂದ ಕೋಳಿಗೂ ಸುಣ್ಣ ಸಾಲದು

ಬಾದಾಮಿ ತಾಲ್ಲೂಕಿನ ಶಿವಯೋಗ ಮಂದಿರದ ಹತ್ತಿರ, ಮಲಪ್ರಭಾ ಹೊಳೆಯ ಕಡೆಗೆ ನಮ್ಮದು ಮೂರೂವರೆ ಎಕರೆ. ಜೋಳ, ಕಡಲೆ, ಸ್ವಲ್ಪ ಉಳ್ಳಾಗಡ್ಡಿ, ಎರಡು ಎಮ್ಮೆ. ಕೋಳಿ ಮಾತ್ರ ಮನೆಯವಳ ಖಾತೆ. ಮಕ್ಕಳ ನೋಟ್‌ಬುಕ್ಕು, ಬಸ್ ಚಾರ್ಜು, ಸಂತೆಯ ಚಿಲ್ಲರೆ ಖರ್ಚು ಎಲ್ಲ ಆ ದುಡ್ಡಿನಲ್ಲೇ ಆಗಬೇಕು. ನಮ್ಮ ಕಡೆ ಮೊಟ್ಟೆಗೆ ತತ್ತಿ, ಹೆಣ್ಣು ಕೋಳಿಗೆ ಹ್ಯಾಟಿ ಅಂತೇವೆ. ಇಲ್ಲೂ ಹಾಗೆಯೇ ಬರೆದಿದ್ದೇನೆ.

ಮೊದಲು ಮನೆಯಲ್ಲಿದ್ದವು ಊರ ಕೋಳಿಗಳು. ಹೋದ ದಸರಾ ಹೊತ್ತಿಗೆ ಆರು ವಾರದ 14 ಸ್ವರ್ಣಧಾರ ಮರಿ ತಂದೆವು. ಹೆಬ್ಬಾಳದ ಪಶುವೈದ್ಯ ಕಾಲೇಜಿನವರು 2005ರಲ್ಲಿ ಬಿಡುಗಡೆ ಮಾಡಿದ ತಳಿ ಇದು. ಹಿತ್ತಲಲ್ಲಿ ಬಿಟ್ಟು ಸಾಕಬಹುದು, ವರ್ಷಕ್ಕೆ 180ರ ಸುಮಾರು ತತ್ತಿ ಕೊಡುತ್ತದೆ ಅಂತ ಹೇಳಿದ್ದರು. ಶಿವರಾತ್ರಿ ಮುಂದಿದ್ದಾಗ ಜುಟ್ಟು ಕೆಂಪಾದವು, ತತ್ತಿ ಶುರುವಾಯಿತು.

ಒಂದು ಮುಂಜಾನೆ ಗೂಡು ಬಳಿಯಲು ಹೋದ ಮನೆಯವಳು ಕೂಗಿದಳು: “ಏನ್ರೀ, ಇಲ್ಲಿ ಬಂದು ನೋಡ್ರಿ. ತೊಗಲಷ್ಟ ಐತಿ, ಸಿಪ್ಪೀನ ಇಲ್ಲ!” ಕೋಳಿಗಳು ರಾತ್ರಿ ಕೂರುವ ಗಳದ ಕೆಳಗೆ ಬಿದ್ದಿತ್ತು. ಮುಟ್ಟಿದರೆ ನೀರು ತುಂಬಿದ ಬಲೂನಿನ ಹಾಗೆ. ಮರುದಿನ ಎರಡು. ವಾರದಲ್ಲಿ ದಿನಕ್ಕೆ ಮೂರು ನಾಲ್ಕು. ಗಟ್ಟಿ ಸಿಪ್ಪೆ ಇದ್ದವೂ ತೆಳು. ಬುಟ್ಟಿಯಲ್ಲಿ ಬಾದಾಮಿಗೆ ಒಯ್ಯುವಷ್ಟರಲ್ಲಿ ಸೀಳು ಬಿಡುತ್ತಿದ್ದವು. ಖಾಯಂ ಒಯ್ಯುತ್ತಿದ್ದ ಅಂಗಡಿಯವರು “ಅಕ್ಕಾರ, ಇಂಥಾವು ಬ್ಯಾಡ್ರಿ” ಅಂದುಬಿಟ್ಟರು. ಅವ್ವ ಮಾತ್ರ, “ಯಾರದರ ಕಣ್ಣು ಬಿದ್ದಾವ. ನಮ್ಮ ಕಾಲದಾಗ ಇಂಥಾದ್ದು ನೋಡಿಲ್ಲಪಾ” ಅಂದಳು. ಅವಳ ಮಾತಿನ ಎರಡನೇ ಭಾಗ ನಿಜ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ನಾ ಮಾಡಿದ ಎರಡು ತಪ್ಪು

ಸಿಪ್ಪೆ ಅಂದರೆ ಸುಣ್ಣ ಅನ್ನುವಷ್ಟು ಗೊತ್ತಿತ್ತು. ಎಲೆ ಅಡಿಕೆಗೆ ಹಚ್ಚುವ ಸುಣ್ಣ ನೀರಲ್ಲಿ ಕದಡಿ, ಮೇಲಿನ ತಿಳಿ ಕುಡಿಯಲು ಇಟ್ಟೆ. ಹದಿನೈದು ದಿನ ಕಳೆದರೂ ಏನೂ ಆಗಲಿಲ್ಲ. ಕಾರಣ ಆಮೇಲೆ ತಿಳಿಯಿತು. ಒಂದು ಲೀಟರ್ ನೀರು ಎಷ್ಟು ಕದಡಿದರೂ ಒಂದೂವರೆ ಗ್ರಾಂಗಿಂತ ತುಸು ಹೆಚ್ಚು ಸುಣ್ಣವನ್ನಷ್ಟೇ ಕರಗಿಸಿಕೊಳ್ಳುತ್ತದೆ. ಉಳಿದದ್ದು ತಳಕ್ಕೆ. ಕೋಳಿ ದಿನಕ್ಕೆ ಕುಡಿಯುವುದು ಕಾಲು ಲೀಟರಿನ ಒಳಗೆ. ಅದರಲ್ಲಿ ಸಿಗುವ ಕ್ಯಾಲ್ಸಿಯಂ 0.2 ಗ್ರಾಂ. ಒಂದು ಸಿಪ್ಪೆಗೆ ಬೇಕಾದದ್ದು 2 ಗ್ರಾಂ, ಅಂದರೆ ಹತ್ತು ಪಟ್ಟು. ತಿಳಿ ಬಿಟ್ಟು ಗಟ್ಟಿ ಸುಣ್ಣವನ್ನೇ ಕಾಳಿಗೆ ಕಲಸಿದರೆ ಬಾಯಿ, ಗಂಟಲು ಸುಡುತ್ತದೆ. ಅದಂತೂ ಬೇಡವೇ ಬೇಡ.

ಎರಡನೇ ತಪ್ಪು ಇನ್ನೂ ದೊಡ್ಡದು. ಮನೆ ನೆಲಕ್ಕೆ ತಂದಿದ್ದ ಬಿಳಿ ಕಲ್ಲಿನ ಚಿಪ್ಸು ಅರ್ಧ ಚೀಲ ಉಳಿದಿತ್ತು. ಬಾಗಲಕೋಟೆ ಜಿಲ್ಲೆ ಅಂದರೆ ಸುಣ್ಣಕಲ್ಲಿನ ಸೀಮೆ, ಸಿಮೆಂಟ್ ಫ್ಯಾಕ್ಟರಿ ಸುಮ್ಮನೆ ಬಂದಾವೆಯೇ, ಇದೂ ಸುಣ್ಣಕಲ್ಲೇ ಇರಬೇಕು ಅಂತ ಕುಟ್ಟಿ ಹಾಕಿದೆ. ಹಿಕ್ಕೆ ನೀರಾಯಿತು, ಸಿಪ್ಪೆ ಸುಧಾರಿಸಲಿಲ್ಲ.

ಕೊನೆಗೆ ಪಶು ಡಾಕ್ಟರನ್ನು ಕೇಳಿದೆ. ಮಾತು ಹೀಗೆ ನಡೆಯಿತು:

“ತಿನ್ನಾಕ ಏನ್ ಹಾಕ್ತೀರಿ?”

“ಜೋಳ, ನುಚ್ಚು, ಉಳಿದ ರೊಟ್ಟಿ. ಉಳಿದದ್ದು ಹಿತ್ತಲದಾಗ ಆರಿಸ್ಕೋತಾವ್ರಿ.”

“ಮತ್ತ ಸುಣ್ಣದ ಅಂಶ?”

“ದಿನಾ ಕಲ್ಲು ತಿಂತಾವಲ್ರಿ ಸಾಹೇಬ್ರ!”

ಅವರು ನಕ್ಕರು. “ಆ ಕಲ್ಲು ಕೋಳಿ ಹಲ್ಲು ಯಜಮಾನ್ರ. ಹಲ್ಲಿನಿಂದ ತತ್ತಿ ಸಿಪ್ಪಿ ಆಗೂದಿಲ್ಲ.”

ನನಗೆ ಗೊತ್ತಾಗಬೇಕಿದ್ದದ್ದು ಇದೊಂದೇ. ಬಾದಾಮಿಯ ಕೆಂಪು ಗುಡ್ಡ ಮರಳುಗಲ್ಲು. ಅದು ಉದುರಿ ಬಿದ್ದ ಹರಳು ನಮ್ಮ ಹಿತ್ತಲ ತುಂಬ ಇವೆ. ಕೋಳಿ ನುಂಗಿದ ಹರಳು ಹೊಟ್ಟೆಯ ಕಲ್ಲುಚೀಲದಲ್ಲಿ ಕೂತು ಕಾಳು ಅರೆಯುತ್ತದೆ. ಅದು ಕರಗುವುದಿಲ್ಲ, ಅದರಲ್ಲಿ ಸುಣ್ಣವೂ ಇಲ್ಲ. ಸುಣ್ಣಕ್ಕೆ ಕರಗುವ ಕಲ್ಲು ಬೇಕು, ಅಂದರೆ ಚಿಪ್ಪು. ಎರಡೂ ಬೇಕು. ಒಂದು ಇದ್ದರೆ ಇನ್ನೊಂದು ಇದ್ದಂತಲ್ಲ.

ಬಿಳಿ ಚಿಪ್ಸಿನ ಮಾತು ತೆಗೆದಾಗ, “ನಮ್ಮ ಕಲಾದಗಿ ಸೀಮಿ ಕಲ್ಲಿನಾಗ ಸುಣ್ಣಕಲ್ಲೂ ಐತಿ, ಡಾಲೊಮೈಟೂ ಐತಿ” ಅಂದರು. ನೋಡಲು ಒಂದೇ ಥರ. ಡಾಲೊಮೈಟಿನಲ್ಲಿ ಮೆಗ್ನೀಶಿಯಂ ಬಹಳ. ಅದು ಕೋಳಿಗೆ ಭೇದಿ ಮಾಡಿಸುತ್ತದೆ, ಸಿಪ್ಪೆಯನ್ನೂ ಕೆಡಿಸುತ್ತದೆ. ಮನೆಗೆ ಬಂದು ಅವರು ಹೇಳಿದ ಪರೀಕ್ಷೆ ಮಾಡಿದೆ. ಒಂದು ತಟ್ಟೆಯಲ್ಲಿ ತತ್ತಿ ಸಿಪ್ಪೆಯ ಪುಡಿ, ಇನ್ನೊಂದರಲ್ಲಿ ಚಿಪ್ಸಿನ ಪುಡಿ, ಎರಡಕ್ಕೂ ಲಿಂಬೆರಸ. ಸಿಪ್ಪೆ ಪುಡಿ ಬುರುಬುರು ನೊರೆ ಬಂತು. ಚಿಪ್ಸು ಸುಮ್ಮನೆ ಕೂತಿತ್ತು. ಚೀಲ ಹೊರಗೆ ಹೋಯಿತು.

ಲೆಕ್ಕ ಹಾಕಿದರೆ

ಒಂದು ತತ್ತಿಯ ಸಿಪ್ಪೆ 5ರಿಂದ 6 ಗ್ರಾಂ ತೂಗುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಹತ್ತಿರಹತ್ತಿರ 2 ಗ್ರಾಂ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ, ಆದ್ದರಿಂದ ಹೊಟ್ಟೆಗೆ ಹೋಗಬೇಕಾದದ್ದು ದಿನಕ್ಕೆ 4 ಗ್ರಾಂನಷ್ಟು. ನೂರು ಗ್ರಾಂ ಜೋಳದಲ್ಲಿ ಇರುವುದು 25–30 ಮಿಲಿಗ್ರಾಂ! ರಾಗಿ ಒಳ್ಳೆಯದು ಅಂತಾರೆ, ಅದರಲ್ಲೂ 350 ಮಿಲಿಗ್ರಾಂ ಆಸುಪಾಸು. ಯಾವ ಕಾಳು ಹಾಕಿದರೂ ಸಾಲ ತೀರುವುದಿಲ್ಲ. ಹುಳ, ಸೊಪ್ಪು ತಿಂದು ಒಂದಿಷ್ಟು ಕೂಡಿಸುತ್ತದೆ. ಉಳಿದದ್ದನ್ನು ಎಲುಬಿನಿಂದ ಕೀಳುತ್ತದೆ.

ಎಳೇ ಹ್ಯಾಟಿಯ ಮೈ ಇದಕ್ಕೆ ಮೊದಲೇ ತಯಾರಿ ಮಾಡಿಕೊಳ್ಳುತ್ತದಂತೆ. ಮೊದಲ ತತ್ತಿಗೆ ಎರಡು ವಾರ ಮುಂಚೆ, ಜುಟ್ಟು ಕೆಂಪೇರುವ ಹೊತ್ತಿಗೆ, ಎಲುಬಿನ ಒಳಗೆ ಸುಣ್ಣ ಶೇಖರಿಸುತ್ತದೆ. ಆ ಹದಿನೈದು ದಿನ ನಮ್ಮ ಕೋಳಿಗಳು ಬರೀ ಜೋಳ ತಿಂದವು. ಖಾಲಿ ಕಣಜದಿಂದ ಖರ್ಚು ಶುರುವಾಯಿತು.

ಅವ್ವನ ಕಾಲದ ಊರ ಕೋಳಿಗೆ ಈ ತೊಂದರೆ ಯಾಕಿರಲಿಲ್ಲ? ಅದು 12–15 ಸಣ್ಣ ತತ್ತಿ ಇಟ್ಟು ಕಾವು ಕೂತುಬಿಡುತ್ತಿತ್ತು. ಕಾವು, ಮರಿ ಅಂತ ಎರಡು ಮೂರು ತಿಂಗಳು ತತ್ತಿಯಿಲ್ಲ, ಅಷ್ಟರಲ್ಲಿ ಎಲುಬು ತುಂಬಿಕೊಳ್ಳುತ್ತಿತ್ತು. ಈ ಸುಧಾರಿತ ಕೋಳಿ ಹಾಗೆ ನಿಲ್ಲಿಸುವುದೇ ಅಪರೂಪ. 180 ತತ್ತಿಗೆ 360 ಗ್ರಾಂ ಕ್ಯಾಲ್ಸಿಯಂ. ಕೋಳಿಯ ಎಲ್ಲ ಎಲುಬು ಸೇರಿದರೂ ಇರುವುದು 20 ಗ್ರಾಂ ಆಸುಪಾಸು. ತಳಿ ಮಾರುವವರು ತತ್ತಿಯ ಲೆಕ್ಕ ಹೇಳುತ್ತಾರೆ, ಈ ಲೆಕ್ಕವನ್ನೂ ಹೇಳಬೇಕಿತ್ತು.

ಈಗ ಮಾಡುವುದು

ತತ್ತಿ ಸಿಪ್ಪೆ ಈಗ ನಮ್ಮಲ್ಲಿ ಚೆಲ್ಲುವುದಿಲ್ಲ. ತೊಳೆದು, ಬಿಸಿಲಿಗೆ ಒಣಗಿಸಿ, ಹಂಚಿನ ಮೇಲೆ ಚೆನ್ನಾಗಿ ಹುರಿದು, ಜೋಳದ ಕಾಳಿನಷ್ಟು ದಪ್ಪ ಕುಟ್ಟುತ್ತೇವೆ. ಹುರಿಯದೆ ಹಾಕಬೇಡಿ; ಹಸಿ ವಾಸನೆಗೆ ಕೋಳಿ ತತ್ತಿ ಒಡೆದು ತಿನ್ನುವ ಚಟ ಕಲಿಯುತ್ತದೆ, ರೋಗದ ಭಯವೂ ಉಂಟು. ಬಾದಾಮಿಯಲ್ಲಿ ಆಮ್ಲೆಟ್ ಗಾಡಿಯವರು ಬಕೆಟ್‌ಗಟ್ಟಲೆ ಸಿಪ್ಪೆ ಚೆಲ್ಲುತ್ತಾರೆ. ಕೇಳಿದರೆ ಪುಕ್ಕಟೆ ಕೊಡುತ್ತಾರೆ, ಆದರೆ ಅದೇ ದಿನ ತಂದು ಅದೇ ದಿನ ಹುರಿಯಬೇಕು.

ಆದರೂ ಸಾಲುವುದಿಲ್ಲ. ಒಂದು ಹ್ಯಾಟಿಗೆ ದಿನಕ್ಕೆ 8–10 ಗ್ರಾಂ ಚಿಪ್ಪು ಬೇಕು, 14ಕ್ಕೆ ತಿಂಗಳಿಗೆ 4 ಕಿಲೋ. ಅದಕ್ಕೇ ಕೋಳಿ ಆಹಾರದ ಅಂಗಡಿಯಿಂದ ಶೆಲ್ ಗ್ರಿಟ್, ಅಂದರೆ ಕಪ್ಪೆಚಿಪ್ಪಿನ ನುಚ್ಚು, ಒಂದು ಚೀಲ ತಂದೆ. ಬರೀ “ಗ್ರಿಟ್” ಅಂತ ಕೇಳಿದರೆ ಕಲ್ಲು ಕೊಟ್ಟಾರು, “ಚಿಪ್ಪಿನದು” ಅಂತ ಕೇಳಿ. ಹೊಳೆದಂಡೆಯಲ್ಲಿ ಸಿಗುವ ಬಸವನಹುಳದ ಖಾಲಿ ಚಿಪ್ಪೂ ಆಗುತ್ತದೆ, ಹುರಿದು ಕುಟ್ಟಿದರಾಯಿತು.

ಕೊಡುವ ಹೊತ್ತು ಮುಖ್ಯ. ಒಂದು ತತ್ತಿ ತಯಾರಾಗಲು 25 ತಾಸು ಹಿಡಿಯುತ್ತದೆ, ಅದರಲ್ಲಿ 20 ತಾಸು ಸಿಪ್ಪೆ ಕಟ್ಟುವ ಕೆಲಸ. ಆ ಕೆಲಸದ ಹೆಚ್ಚು ಭಾಗ ರಾತ್ರಿ, ಕೋಳಿ ಏನೂ ತಿನ್ನದ ಹೊತ್ತಿನಲ್ಲಿ ನಡೆಯುತ್ತದೆ. ಆದ್ದರಿಂದ ಸಂಜೆ ಗೂಡಿಗೆ ಸೇರುವ ಮುಂಚೆ ಚಿಪ್ಪು ಹೊಟ್ಟೆಯಲ್ಲಿರಬೇಕು. ಹಿಟ್ಟಿನಂಥ ಪುಡಿ ಬೇಗ ಸಾಗಿ ಹೋಗುತ್ತದೆ. ದಪ್ಪ ಚೂರು ಕಲ್ಲುಚೀಲದಲ್ಲಿ ನಿಂತು ರಾತ್ರಿಯಿಡೀ ಕರಗುತ್ತದೆ. ನಾವು ಹಳೇ ಹಂಚಿನ ಬೋಕಿಯಲ್ಲಿ ಬೇರೆಯಾಗಿ ಇಟ್ಟಿರುತ್ತೇವೆ, ಕಾಳಿಗೆ ಕಲಸುವುದಿಲ್ಲ. ಬೇಕಾದ ಹ್ಯಾಟಿ ಬೇಕಾದಷ್ಟು ತಿನ್ನುತ್ತದೆ. ಹುಂಜ ಮೂಸಿ ನೋಡಿ ಹೋಗುತ್ತದೆ. ಮರಿಗಳಿಗೆ ಮಾತ್ರ ಎಟುಕಬಾರದು. ತತ್ತಿಯಿಡದ ಎಳೇ ಮೈಗೆ ಇಷ್ಟು ಸುಣ್ಣ ಬಿದ್ದರೆ ಮೂತ್ರಪಿಂಡ ಕೆಡುತ್ತದೆ. ತತ್ತಿ ಕೋಳಿಯ ಕಂಪನಿ ಆಹಾರ ಹಾಕುವವರಿಗೂ ಇದೇ ಎಚ್ಚರಿಕೆ.

ಚಿಪ್ಪು ಇಟ್ಟ ಹತ್ತು ದಿನಕ್ಕೆ ತೊಗಲು ತತ್ತಿ ದಿನಕ್ಕೊಂದಕ್ಕೆ ಇಳಿಯಿತು. ಮೂರು ವಾರಕ್ಕೆ ಬಹುತೇಕ ನಿಂತಿತು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಎಳೇ ಹ್ಯಾಟಿಗಳು ಮೊದಲ ಕೆಲವು ತತ್ತಿ ಹೀಗೆ ಇಟ್ಟು ತಾವಾಗಿಯೇ ಸರಿಹೋಗುವುದೂ ಉಂಟು. ಒಂದೆರಡು ಕಂಡ ಕೂಡಲೇ ಗಾಬರಿ ಬೇಡ. ನಮ್ಮದು ತಿಂಗಳು ಎಳೆದದ್ದರಿಂದ ತಿನಿಸಿನ ಕೊರತೆಯೇ ಅಂತ ಗೊತ್ತಾಯಿತು.

ಏಪ್ರಿಲ್ ಕೊನೆಗೆ ಸಿಪ್ಪೆ ಮತ್ತೆ ತೆಳುವಾಯಿತು. ಚಿಪ್ಪು ಬೋಕಿಯಲ್ಲಿ ಇದ್ದೇ ಇತ್ತು. ಈ ಸಲ ಬಿಸಿಲಿನ ಕಾಟ. ಕೋಳಿ ಬಾಯಿ ತೆರೆದು ತೇಕಿದರೆ ರಕ್ತದಲ್ಲಿ ಸಿಪ್ಪೆ ಕಟ್ಟಲು ಬೇಕಾದ ಇನ್ನೊಂದು ಅಂಶ, ಕಾರ್ಬೊನೇಟು, ಕಡಿಮೆಯಾಗುತ್ತದೆ, ತಿನ್ನುವುದೂ ಕಡಿಮೆ. ಗೂಡಿನ ತಗಡಿನ ಮೇಲೆ ಜೋಳದ ಕಣಿಕೆ ಹೊದಿಸಿ, ನೀರಿನ ಮಡಕೆ ಬೇವಿನ ನೆರಳಿಗೆ ಇಟ್ಟೆವು. ಕಾಳನ್ನು ತಂಪು ಹೊತ್ತಿಗೆ ಹಾಕಿದೆವು. ಅರ್ಧ ಗುಣ ಕಂಡಿತು, ಪೂರ್ತಿ ಗುಣ ಮಳೆ ಬಂದ ಮೇಲೆಯೇ.

ನಾಯಿ, ಕಾಡುಬೆಕ್ಕು ಬೆದರಿಸಿದರೂ ಸಿಪ್ಪೆ ಕಟ್ಟುವ ಮುಂಚೆ ತತ್ತಿ ಜಾರುತ್ತದೆ. ಇನ್ನು ಕೆಮ್ಮು, ಹಸಿರು ಹಿಕ್ಕೆ, ಕುತ್ತಿಗೆ ತಿರುಚುವುದು ಕಂಡು, ಒಮ್ಮೆಲೇ ಎಲ್ಲ ಕೋಳಿಗಳ ತತ್ತಿ ಕೆಟ್ಟರೆ ಚಿಪ್ಪು ಹುಡುಕುತ್ತ ಕೂರಬೇಡಿ. ಅದು ಕೊಕ್ಕರೆ ರೋಗ ಇದ್ದೀತು, ಕೂಡಲೇ ಡಾಕ್ಟರಿಗೆ ಹೇಳಿ. ತತ್ತಿ ಬಾರದೆ ಮುಕ್ಕಿರಿಯುತ್ತ ನೆಟ್ಟಗೆ ನಿಂತ ಹ್ಯಾಟಿಯನ್ನೂ ತೋರಿಸಬೇಕು. ಮೆತ್ತನೆ ತತ್ತಿ ಒಳಗೆ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು.

ತೊಗಲು ತತ್ತಿಯನ್ನು ಮುಂಜಾನೆ ಮೊದಲು ಎತ್ತಬೇಕು. ಒಂದು ಕೋಳಿ ಕುಕ್ಕಿ ರುಚಿ ನೋಡಿದರೆ ಉಳಿದವೂ ಕಲಿಯುತ್ತವೆ. ಹರಿಯದೆ ಇದ್ದರೆ ಆ ಹೊತ್ತಿಗೇ ಬೇಯಿಸಿ ಮನೆಯಲ್ಲಿ ಉಣ್ಣಬಹುದು, ಹರಿದದ್ದನ್ನು ತಿಪ್ಪೆಯಲ್ಲಿ ಹೂಳುತ್ತೇವೆ.

ಈಗ ಅಂಗಡಿಯವರು ಮತ್ತೆ ಒಯ್ಯುತ್ತಿದ್ದಾರೆ. ಹದಿನಾಲ್ಕರಲ್ಲಿ ಒಂದು ಹ್ಯಾಟಿ ಮಾತ್ರ ವಾರಕ್ಕೊಂದು ತೊಗಲು ತತ್ತಿ ಇಡುತ್ತಲೇ ಇದೆ. ಅದರ ಗರ್ಭಚೀಲದಲ್ಲೇ ಊನ ಇರಬಹುದು ಅಂತ ಡಾಕ್ಟರು ಹೇಳಿದರು. ಗುರುತಿಗೆ ಕಾಲಿಗೆ ಕೆಂಪು ದಾರ ಕಟ್ಟಿದ್ದೇವೆ. ಬನಶಂಕರಿ ಜಾತ್ರೆಗೆ ಬೀಗರು ಬರುವವರೆಗೆ ಇರಲಿ ಅನ್ನುತ್ತಾಳೆ ಮನೆಯವಳು.