ನಿಮಗಿದು ಗೊತ್ತೆ?: ಮಗ್ದಲದ ಮರಿಯಳಿಗೆ ಅಂಟಿದ ಕಳಂಕ

ಮಗ್ದಲದ ಮರಿಯಳು ವೇಶ್ಯೆಯಾಗಿದ್ದಳೆಂದು ಬೈಬಲ್ಲಿನಲ್ಲಿ ಎಲ್ಲಿಯೂ ಇಲ್ಲ. ಏಳು ದೆವ್ವಗಳಿಂದ ಬಿಡುಗಡೆ ಹೊಂದಿದವಳು ಎಂದಷ್ಟೇ ಲೂಕನ ಸುವಾರ್ತೆಯ 8ನೇ ಅಧ್ಯಾಯ ಹೇಳುತ್ತದೆ. ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೊಳೆದ ಪಾಪಿ ಹೆಂಗಸು ಬರುವುದು 7ನೇ ಅಧ್ಯಾಯದಲ್ಲಿ; ಆಕೆಗೆ ಹೆಸರೇ ಇಲ್ಲ. ಪೋಪ್ ಮೊದಲನೆಯ ಗ್ರೆಗರಿ 591ರ ಸುಮಾರಿನ ಪ್ರವಚನದಲ್ಲಿ ಈ ಇಬ್ಬರನ್ನೂ ಬೆಥಾನಿಯದ ಮರಿಯಳನ್ನೂ ಒಬ್ಬಳೇ ಎಂದು ಭಾವಿಸಿದರು. ಹೀಗಾಗಿ ಪಶ್ಚಿಮದ ಚಿತ್ರಕಾರರು ಮಗ್ದಲದ ಮರಿಯಳನ್ನು ಹೆಚ್ಚಾಗಿ ಪಶ್ಚಾತ್ತಾಪದ ಮೂರ್ತಿಯಾಗಿ ಚಿತ್ರಿಸುತ್ತ ಬಂದರು. ಪೂರ್ವದ ಸಭೆಗಳು ಮಾತ್ರ ಮೂವರನ್ನೂ ಬೇರೆಬೇರೆಯಾಗಿಯೇ ಕಂಡವು. ಮೂಲಕ್ಕೆ ಹೆಚ್ಚು ನಿಷ್ಠವಾದದ್ದು ಅದೇ.

ಪಶ್ಚಿಮದ ಸಭೆಯೂ ಮುಂದೆ ಮೂಲದತ್ತ ತಿರುಗಿತು: ಬೈಬಲ್ಲಿನ ಗ್ರಂಥಭಾಗವನ್ನು ಅದರ ಸಾಹಿತ್ಯಪ್ರಕಾರ, ಕಾಲ ಮತ್ತು ಲೇಖಕನ ಉದ್ದೇಶ ನೋಡಿ ಅರ್ಥೈಸಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿತು.

ಕಥೋಲಿಕ ಸಭೆಯ 1969ರ ಪರಿಷ್ಕೃತ ಪಂಚಾಂಗ ಮಗ್ದಲದ ಮರಿಯಳ ಸ್ಮರಣೆಯನ್ನು ಪಾಪಿ ಹೆಂಗಸಿನ ಕಥೆಯಿಂದ ಬಿಡಿಸಿತು. ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದ ಆಕೆಯ ಜುಲೈ 22ರ ಸ್ಮರಣೆಯನ್ನು 2016ರಲ್ಲಿ ಪೋಪ್ ಫ್ರಾನ್ಸಿಸ್ ಅಪೊಸ್ತಲರ ಹಬ್ಬಗಳ ದರ್ಜೆಗೆ ಏರಿಸಿದರು.