ಗಣಕಯಂತ್ರದ ಭಾಗವತ

ಬೈಂದೂರಿನಿಂದ ಬ್ರಹ್ಮಾವರದವರೆಗಿನ ನಮ್ಮ ಸೀಮೆಯಲ್ಲಿ ಮಂದಾರ್ತಿ ಮೇಳದ ಆಟವನ್ನು ನೋಡದವರು ವಿರಳ. ಭಾಗವತರು ವೇಷ ಕಟ್ಟುವುದಿಲ್ಲ. ಆದರೆ ಯಾವ ವೇಷ ಯಾವಾಗ ರಂಗಕ್ಕೆ ಬರಬೇಕು, ಎಷ್ಟು ಹೊತ್ತು ಕುಣಿಯಬೇಕು, ಚೆಂಡೆ ಎಲ್ಲಿ ನಿಲ್ಲಬೇಕು ಎಂಬುದೆಲ್ಲವೂ ಅವರ ತಾಳಕ್ಕೆ ಅಧೀನ. ಗಣಕಯಂತ್ರದಲ್ಲಿ ಈ ಭಾಗವತಿಕೆಯನ್ನು ನಡೆಸುವುದೇ ಆಪರೇಟಿಂಗ್ ಸಿಸ್ಟಮ್, ಅಂದರೆ ಕಾರ್ಯಾಚರಣ ವ್ಯವಸ್ಥೆ. ಸ್ಮೃತಿಕೋಶವನ್ನು ಹಂಚುವುದು, ಕೀಲಿಮಣೆಯ ಒತ್ತನ್ನು ತಕ್ಕ ತಂತ್ರಾಂಶಕ್ಕೆ ಮುಟ್ಟಿಸುವುದು, ತೆರೆಯ ಮೇಲೆ ಅಕ್ಷರ ಮೂಡಿಸುವುದು ಇದರ ಹೊಣೆ.

ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಇಂಥದೊಂದು ವ್ಯವಸ್ಥೆಯನ್ನು ‘ಗ್ನೂ’ ಎಂಬ ಹೆಸರಿನಲ್ಲಿ ಕಟ್ಟುವುದಾಗಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದರು. ಉಪಕರಣಗಳು ಒಂದೊಂದಾಗಿ ಸಿದ್ಧವಾದರೂ ಯಂತ್ರವನ್ನು ನೇರವಾಗಿ ಆಳುವ ತಿರುಳು ಮಾತ್ರ ಕೈಗೂಡಲಿಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಮನೆಯ ಗಣಕಕ್ಕಾಗಿ ಬರೆಯತೊಡಗಿದ ‘ಲಿನಕ್ಸ್’ ಆ ಕೊರತೆಯನ್ನು ತುಂಬಿತು. ಇವೆರಡನ್ನೂ ಒಟ್ಟುಗೂಡಿಸಿ ಹಂಚುವ ‘ಡೆಬಿಯನ್’ 1993ರಲ್ಲಿ ಆರಂಭವಾಯಿತು. 1996ರ ‘ಕೆಡಿಇ’, 1997ರ ‘ಗ್ನೋಮ್’ ಯೋಜನೆಗಳು ಅದಕ್ಕೆ ಕಿಟಕಿಗಳನ್ನೂ ಚಿತ್ರಗಳನ್ನೂ ಕೊಟ್ಟು ಸಾಮಾನ್ಯರ ಮೇಜಿಗೆ ತಂದವು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ನಿನ ಅಡಿಪಾಯದ ಮೇಲೆಯೇ ‘ಬಾಸ್’ ಎಂಬ ವ್ಯವಸ್ಥೆಯನ್ನು ರೂಪಿಸಿ 2007ರಲ್ಲಿ ಹೊರತಂದಿತು. ಅದರಲ್ಲಿ ಕನ್ನಡಕ್ಕೂ ಎಡೆಯುಂಟು.

ಎಡೆ ಮಾಡುವುದೇನೂ ಸುಲಭವಾಗಿರಲಿಲ್ಲ. 1990ರ ದಶಕದಲ್ಲಿ ಕನ್ನಡದ ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಕೇತಸಂಖ್ಯೆಗಳನ್ನು ಇಟ್ಟುಕೊಂಡಿತ್ತು. ಒಂದರಲ್ಲಿ ಬರೆದುದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ! ಬರೆದವನು ಬದುಕಿರುವಾಗಲೇ ಬರಹ ಓದಲಾಗದೆ ಹೋಗುವ ದುರ್ಗತಿ ತಾಳೆಗರಿಗೂ ಬಂದಿರಲಿಲ್ಲವೆಂದು ನಮಗೆ ತೋರುತ್ತದೆ. ‘ಯೂನಿಕೋಡ್’ ಪದ್ಧತಿ ಒಂದು ಅಕ್ಷರಕ್ಕೆ ಜಗತ್ತಿಗೆಲ್ಲ ಒಂದೇ ಸಂಖ್ಯೆಯನ್ನು ಗೊತ್ತುಮಾಡಿತು. ‘ಕ’ ಎಲ್ಲಿದ್ದರೂ 3221.

ಆದರೆ ಸಂಖ್ಯೆಯಿಂದಲೇ ಒತ್ತಕ್ಷರ ಮೂಡದು. ‘ಬ್ರಹ್ಮಾವರ’ ಎಂಬ ಹೆಸರನ್ನೇ ನೋಡಿ. ಸ್ಮೃತಿಯಲ್ಲಿ ಉಳಿಯುವುದು ಒಂಬತ್ತು ಸಂಖ್ಯೆಗಳು: ಬ, ಅದರ ಸ್ವರವನ್ನು ತೆಗೆಯುವ ಚಿಹ್ನೆ, ರ, ಹ, ಮತ್ತೆ ಆ ಚಿಹ್ನೆ, ಮ, ದೀರ್ಘ, ವ, ರ. ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ. ಯಾವುದು ಯಾವುದರ ಅಡಿಗೆ ಇಳಿಯಬೇಕೆಂದು ಗ್ನೋಮ್‌ನಲ್ಲಿ ನಿರ್ಣಯಿಸುವ ಭಾಗಗಳಲ್ಲಿ ಒಂದಕ್ಕೆ ‘ಪ್ಯಾಂಗೊ’ ಎಂದು ಹೆಸರು. ಗ್ರೀಕಿನ ‘ಎಲ್ಲ’ ಮತ್ತು ಜಪಾನಿಯ ‘ಭಾಷೆ’ ಎಂಬ ಪದಗಳನ್ನು ಬೆಸೆದದ್ದು. ಈ ಕೆಲಸ ವ್ಯವಸ್ಥೆಯಲ್ಲಿಯೇ ನಡೆಯುವುದರಿಂದ ಪತ್ರ ಬರೆಯುವ ತಂತ್ರಾಂಶವಾಗಲಿ, ಲೆಕ್ಕದ ತಂತ್ರಾಂಶವಾಗಲಿ ಕನ್ನಡದ ಒತ್ತನ್ನು ಬೇರೆಯಾಗಿ ಕಲಿಯಬೇಕಾಗಿಲ್ಲ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ‘ಹ್ಮಾ’ ಎಂದು ಬರೆದು ಅಳಿಸುವ ಕೀಲಿಯನ್ನು ಒಂದೊಂದೇ ಸಲ ಒತ್ತಿರಿ. ಹೆಚ್ಚಿನ ತಂತ್ರಾಂಶಗಳಲ್ಲಿ ಮೊದಲು ದೀರ್ಘ ಕಳಚಿ ‘ಹ್ಮ’ ಆಗುತ್ತದೆ, ಬಳಿಕ ‘ಹ್’, ಆಮೇಲೆ ‘ಹ’.