ನಾಯಿಯ ಕಜ್ಜಿ, ಮನೆಮಂದಿಯ ತುರಿಕೆ

ನಾಯಿಯ ರೋಗದ ಬಗ್ಗೆ ಬರೆಯಬೇಕಾದವರು ಪಶುವೈದ್ಯರು, ಮನುಷ್ಯರ ಡಾಕ್ಟರಿಗೆ ಅಲ್ಲೇನು ಕೆಲಸ ಎಂದು ನೀವು ಕೇಳಬಹುದು. ಕೆಲಸವಿದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನನ್ನ ಬಳಿಗೆ ಮೈ ಕೆರೆದುಕೊಳ್ಳುತ್ತ ಬರುವವರಿಗೆಲ್ಲ ನಾನು ಈಗ ತಪ್ಪದೆ ಒಂದು ಪ್ರಶ್ನೆ ಕೇಳುತ್ತೇನೆ: "ಮನ್ಯಾಗ ನಾಯಿ ಅದ ಏನ್ರಿ? ಅದರ ಕೂದಲು ಉದರ್ಯಾವೇನು?" ಈ ಪ್ರಶ್ನೆಯನ್ನು ನನಗೆ ಕಲಿಸಿದವನು ಎಂಟು ವರ್ಷದ ಒಬ್ಬ ಹುಡುಗ.

ಅವನ ಎರಡೂ ಮುಂಗೈಗಳ ಮೇಲೆ, ಹೊಟ್ಟೆಯ ಮೇಲೆ ಸಣ್ಣ ಸಣ್ಣ ಕೆಂಪು ಗುಳ್ಳೆಗಳು. ಅಲರ್ಜಿ ಇರಬೇಕೆಂದು ಮಾತ್ರೆ, ಮುಲಾಮು ಕೊಟ್ಟೆ. ಕಡಿಮೆಯಾಯಿತು, ವಾರದಲ್ಲಿ ಮತ್ತೆ ಬಂದಿತು. ಎರಡನೆಯ ಸಲ ಸಾಬೂನು ಬದಲಾಯಿಸಲು ಹೇಳಿದೆ. ಮೂರನೆಯ ಸಲ ಅವನ ಹಿಂದೆಯೇ ಒಂದು ನಾಯಿಮರಿ ಬಂದು ಮೆಟ್ಟಿಲ ಮೇಲೆ ಕುಳಿತಿತು. ಕಿವಿಯ ಅಂಚಿನಲ್ಲಿ ಬೂದಿ ಬಣ್ಣದ ಹಕ್ಕಳೆ, ಕಾಲಿನ ಕೀಲುಗಳ ಮೇಲೆ ಬೋಳು ಚರ್ಮ, ನಿಮಿಷಕ್ಕೊಮ್ಮೆ ಹಿಂಗಾಲಿನಿಂದ ಪರಪರ ಕೆರೆತ. ಹುಡುಗ ಹೋಗಿ ಅದನ್ನು ಎರಡೂ ಕೈಗಳಿಂದ ಎತ್ತಿ ಹೊಟ್ಟೆಗೆ ಅವಚಿಕೊಂಡ. ಗುಳ್ಳೆಗಳು ಎಲ್ಲೆಲ್ಲಿ ಇದ್ದವೋ ನಾಯಿ ಅಲ್ಲಲ್ಲಿಯೇ ತಗುಲಿಕೊಂಡಿತ್ತು. ಎರಡು ಸಲವೂ ನಾನು ಚರ್ಮ ನೋಡಿದ್ದೆನೇ ಹೊರತು ಮನೆಯನ್ನು ವಿಚಾರಿಸಿರಲಿಲ್ಲ.

ತಂದೆ ಅಲ್ಲಿಯೇ ತೀರ್ಪು ಕೊಟ್ಟರು: "ಚೀಲದಾಗ ಹಾಕಿ ಆಚೀ ಊರಾಗ ಬಿಟ್ಟು ಬರ್ತೀನ್ರಿ." ಹುಡುಗ ಅಳತೊಡಗಿದ. ನಾಯಿಯನ್ನು ಊರು ಬಿಡಿಸುವ ಅಗತ್ಯವೇ ಇಲ್ಲ ಎಂದು ಅಂದು ಅವರಿಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳುತ್ತಿದ್ದೇನೆ.

ನಾವು 'ಕಜ್ಜಿ ನಾಯಿ' ಎಂದು ಬೈಗುಳದಂತೆ ಬಳಸುವ ಮಾತಿನ ಹಿಂದೆ ಇರುವುದು ಸಾರ್ಕಾಪ್ಟಿಸ್ ಎಂಬ ನುಸಿ. ಬರಿಗಣ್ಣಿಗೆ ಕಾಣುವುದು ಕಷ್ಟ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಬೆಳೆದ ನುಸಿಯಾಗಲು ಸುಮಾರು ಮೂರು ವಾರ. 1687ರಲ್ಲಿಯೇ ಇಟಲಿಯ ಬೊನೊಮೊ ಎಂಬ ವೈದ್ಯ ಮನುಷ್ಯರ ಕಜ್ಜಿಗೆ ಇಂಥದೊಂದು ಜೀವಿ ಕಾರಣವೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿಟ್ಟ. ಮುನ್ನೂರು ವರ್ಷ ದಾಟಿದರೂ ರಕ್ತ ಕೆಟ್ಟಿದೆ, ನಂಜಾಗಿದೆ, ಬದನೆಕಾಯಿ ತಿಂದದ್ದು ಹೆಚ್ಚಾಯಿತು ಎಂಬ ವಿವರಣೆಗಳೇ ನಮ್ಮಲ್ಲಿ ಇನ್ನೂ ಚಾಲ್ತಿಯಲ್ಲಿವೆ.

ನೀವು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇದು. ನಾಯಿಯ ನುಸಿ ಬೇರೆ, ಮನುಷ್ಯರ ನುಸಿ ಬೇರೆ. ಎರಡೂ ಒಂದೇ ಕುಲದವು, ಆದರೆ ಪ್ರತಿಯೊಂದಕ್ಕೂ ತನ್ನದೇ ಮನೆ. ನಾಯಿಯ ನುಸಿ ನಮ್ಮ ಮೈಮೇಲೆ ಬಂದರೆ ಕಚ್ಚುತ್ತದೆ, ತುರಿಸುತ್ತದೆ, ಆದರೆ ಸಂಸಾರ ಹೂಡಲಾರದು. ಹೀಗಾಗಿ ಆ ತುರಿಕೆ ಬೇಗ ಬರುತ್ತದೆ, ನಾಯಿಗೆ ಚಿಕಿತ್ಸೆಯಾದರೆ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಚಿಕಿತ್ಸೆಯಾಗದಿದ್ದರೆ ಹುಡುಗನಿಗೆ ನೀವು ಎಷ್ಟು ಮುಲಾಮು ಹಚ್ಚಿದರೂ ಹೊಸ ನುಸಿಗಳು ಬರುತ್ತಲೇ ಇರುತ್ತವೆ. ಇಲ್ಲಿ ನಿಜವಾದ ರೋಗಿ ನಾಯಿ.

ಮನುಷ್ಯರ ಕಜ್ಜಿಯ ರೀತಿಯೇ ಬೇರೆ. ಬೆರಳುಗಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ತೊಡೆಸಂದಿ ಅದರ ತಾಣಗಳು. ರಾತ್ರಿ ಹಾಸಿಗೆ ಸೇರಿದ ಮೇಲೆ ಕೆರೆತ ಜಾಸ್ತಿ. ಮೊದಲ ಸಲ ತಗುಲಿದಾಗ ತುರಿಕೆ ಕಾಣಿಸಲು ಎರಡರಿಂದ ಆರು ವಾರ ಹಿಡಿಯಬಹುದು. ಅಷ್ಟರಲ್ಲಿ ಅದು ಪಕ್ಕದಲ್ಲಿ ಮಲಗುವವರಿಗೆಲ್ಲ ಹಂಚಿಹೋಗಿರುತ್ತದೆ. ಬೀದಿನಾಯಿಯನ್ನು ಮುಟ್ಟಿದ್ದಕ್ಕೇ ಹೀಗಾಯಿತೆಂದು ಮಗುವಿಗೆ ಏಟು ಕೊಟ್ಟು ಕರೆತಂದ ಮನೆಯೊಂದರಲ್ಲಿ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಆರು ಮಂದಿಗೂ ಬೆರಳಸಂದಿಯಲ್ಲಿ ಗುಳ್ಳೆಗಳಿದ್ದವು. ಆ ನಾಯಿ ನಿರಪರಾಧಿ. ಇಂಥಲ್ಲಿ ವೈದ್ಯರ ಸಲಹೆಯಂತೆ ಪರ್ಮೆಥ್ರಿನ್ ಮುಲಾಮನ್ನು ಮನೆಮಂದಿಯೆಲ್ಲ, ತುರಿಕೆ ಇಲ್ಲದವರೂ ಸೇರಿ, ಒಂದೇ ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ ಬೆಳಿಗ್ಗೆ ಸ್ನಾನ ಮಾಡಬೇಕು. ವಾರದ ನಂತರ ಇನ್ನೊಮ್ಮೆ. ಬಟ್ಟೆ, ಹಾಸಿಗೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಎಳೆಗೂಸು ಅಥವಾ ಗರ್ಭಿಣಿ ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಹುಡುಗನಿಗೊಬ್ಬನಿಗೇ ಹಚ್ಚಿ ಉಳಿದವರು ಸುಮ್ಮನಿದ್ದರೆ ಆ ಮುಲಾಮಿನ ದುಡ್ಡು ನೀರುಪಾಲು.

ನಾಯಿಯ ಕೂದಲು ಉದುರುವುದೆಲ್ಲ ಕಜ್ಜಿಯೇ ಅಲ್ಲ. ಬಾಲದ ಬುಡ, ಸೊಂಟದ ಮೇಲೆ ಕಚ್ಚಿಕೊಂಡು ಕೂದಲು ಹೋಗಿದ್ದರೆ ಚಿಗಟದ ಮೇಲೆ ಸಂಶಯಪಡಿ. ಬಾಚಣಿಗೆಯಿಂದ ಬಾಚಿ, ಉದುರಿದ ಕರಿಯ ಪುಡಿಯನ್ನು ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ಹಾಕಿರಿ. ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಚಿಗಟದ ಮೊಟ್ಟೆ, ಮರಿಗಳು ಇರುವುದು ನಾಯಿಯ ಮೈಗಿಂತ ಅದು ಮಲಗುವ ಗೋಣಿಚೀಲದಲ್ಲಿ, ನೆಲದ ಬಿರುಕಿನಲ್ಲಿ. ನಾಯಿಗೆ ಸ್ನಾನ ಮಾಡಿಸಿ ಅದೇ ಗೋಣಿಯ ಮೇಲೆ ಮಲಗಿಸಿದರೆ ಪ್ರಯೋಜನವಿಲ್ಲ. ಮರಿಗಳ ಕಣ್ಣು, ಬಾಯಿಯ ಸುತ್ತ ಹೆಚ್ಚು ತುರಿಕೆಯಿಲ್ಲದೆ ಬೋಳಾಗುವುದು ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿಯಿಂದ. ಹಾಲೂಡಿಸುವಾಗ ತಾಯಿಯಿಂದ ಬರುವ ಇದು ಮನುಷ್ಯರಿಗೆ ಅಂಟುವುದಿಲ್ಲ.

ಅಂಟುವ ಇನ್ನೊಂದು ರೋಗವೆಂದರೆ ಗಜಕರ್ಣ. ಇದು ಬೂಷ್ಟು. ನಾಯಿಯ ಮೈಮೇಲೆ ದುಂಡಗಿನ ಬೋಳು ಮಚ್ಚೆ, ಮಗುವಿನ ಕೆನ್ನೆ ಅಥವಾ ತಲೆಯಲ್ಲಿ ಅಂಥದೇ ಉಂಗುರ. ನುಸಿಯಂತೆ ಇದು ತಾನಾಗಿ ಹೋಗುತ್ತದೆಂದು ಕಾಯಬೇಡಿ. ಅಂಗಡಿಗೆ ಹೋಗಿ 'ತುರಿಕೆ ಮುಲಾಮು ಕೊಡ್ರಿ' ಎಂದರೆ ಸಿಗುವ ಟ್ಯೂಬುಗಳಲ್ಲಿ ಹಲವಕ್ಕೆ ಸ್ಟಿರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಎರಡು ದಿನದಲ್ಲಿ ತುರಿಕೆ ತಗ್ಗಿ ನೀವು ಅಂಗಡಿಯವನನ್ನು ಹೊಗಳುತ್ತೀರಿ. ಒಳಗೆ ಬೂಷ್ಟು ಹರಡುತ್ತಿರುತ್ತದೆ. ತಿಂಗಳ ನಂತರ ನಮ್ಮ ಬಳಿ ಬರುವಾಗ ಅದರ ರೂಪವೇ ಬದಲಾಗಿ ಗುರುತು ಸಿಗದಂತಾಗಿರುತ್ತದೆ.

ಇನ್ನು ಮನೆಮದ್ದು. ಕಜ್ಜಿ ನಾಯಿಗೆ ಸುಟ್ಟ ಇಂಜಿನ್ ಆಯಿಲ್ ಬಳಿಯುವುದು, ಸೀಮೆಎಣ್ಣೆ ಸುರಿಯುವುದು, ಫಿನಾಯಿಲ್‌ನಲ್ಲಿ ತೊಳೆಯುವುದು ನಮ್ಮ ಭಾಗದಲ್ಲಿ ನಾನು ಕಣ್ಣಾರೆ ಕಂಡದ್ದು. ಚರ್ಮ ಸುಡುತ್ತದೆ. ಮೈ ನೆಕ್ಕಿಕೊಳ್ಳುವ ಪ್ರಾಣಿಯಾದ್ದರಿಂದ ವಿಷ ಹೊಟ್ಟೆಗೂ ಹೋಗುತ್ತದೆ. ಹಿರಿಯರು ಬಳಸುತ್ತಿದ್ದ ಗಂಧಕ ಮಾತ್ರ ಸುಳ್ಳಲ್ಲ, ಗಂಧಕದ ಮುಲಾಮು ಕಜ್ಜಿಗೆ ಇಂದಿಗೂ ಒಪ್ಪಿತ ಔಷಧ. ಆದರೆ ಪ್ರಮಾಣ ಗೊತ್ತಿಲ್ಲದೆ ಬಳಸಬಾರದು. ನಿಮ್ಮ ಮನೆಯ ಮಾತ್ರೆಗಳನ್ನು ನಾಯಿಗೆ ಕೊಡಲೇಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಅದರ ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಪರ್ಮೆಥ್ರಿನ್ ಬೆಕ್ಕಿಗಂತೂ ಪ್ರಾಣಾಂತಿಕ. ಬೇಸಿಗೆಯಲ್ಲಿ ಕಲಬುರಗಿ ಸೀಮೆಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆಂದು ಉದ್ದಕೂದಲಿನ ನಾಯಿಯನ್ನು ಬೋಳಿಸುವವರೂ ಇದ್ದಾರೆ. ಬೋಳಿಸಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಅದಕ್ಕೆ ಬೇಕಾದದ್ದು ನೆರಳು ಮತ್ತು ನೀರು.

ಪಶುವೈದ್ಯರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಜ್ಜಿಯಿದ್ದರೂ ನುಸಿ ಕಾಣದೆ ಹೋಗುವುದುಂಟು, ಆಗ ಲಕ್ಷಣ ನೋಡಿಯೇ ಔಷಧ ಕೊಡುತ್ತಾರೆ. ಐವರ್ಮೆಕ್ಟಿನ್ ಹಳೆಯದು. ಕೆಲವು ತಳಿಗಳಿಗೆ ಅದು ಅಪಾಯಕಾರಿಯಾದ್ದರಿಂದ ನೀವೇ ಕೊಡತಕ್ಕದ್ದಲ್ಲ. ಫ್ಲುರಾಲನರ್‌ನಂಥ ಹೊಸ ಮಾತ್ರೆಗಳೂ ಈಗ ಸಿಗುತ್ತವೆ, ಬೆಲೆ ಸ್ವಲ್ಪ ಜಾಸ್ತಿ. ಮನೆಯಲ್ಲಿ ಎರಡು ನಾಯಿಗಳಿದ್ದರೆ ಎರಡಕ್ಕೂ ಒಟ್ಟಿಗೇ ಚಿಕಿತ್ಸೆಯಾಗಬೇಕು. ತೀರಾ ಜಟಿಲವಾದರೆ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬಹುದು.

ಬಹಳ ಜನರ ಮನಸ್ಸಿನಲ್ಲಿರುವ ಇನ್ನೊಂದು ಭಯ: ಕೂದಲು ಉದುರಿದ ನಾಯಿಗೆ ಹುಚ್ಚು ಹಿಡಿದಿದೆಯೇ? ಕೂದಲು ಉದುರುವುದು ರೇಬಿಸ್‌ನ ಲಕ್ಷಣವಲ್ಲ. ಆದರೆ ಕೂದಲು ತುಂಬಿದ ಚೆಂದದ ನಾಯಿಗೂ ರೇಬಿಸ್ ಬರಬಹುದು. ಯಾವ ನಾಯಿಯೇ ಕಚ್ಚಲಿ, ಉಗುರಿನಿಂದ ಪರಚಲಿ, ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಬನ್ನಿ. ಅರಿಸಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ.

ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಆಳಂದದ ಪಶುವೈದ್ಯರಿಗೆ ನಾನೇ ಚೀಟಿ ಬರೆದುಕೊಟ್ಟೆ. ಚಿಕಿತ್ಸೆ ಮುಗಿಯುವವರೆಗೆ ನಾಯಿಯನ್ನು ಹಾಸಿಗೆಗೆ ಸೇರಿಸಬೇಡ, ಮುಟ್ಟಿದರೆ ಕೈ ತೊಳೆ ಎಂದೆ. ಇಷ್ಟನ್ನೂ ಅವನು ಪಾಲಿಸಿದನೆಂದು ನಾನು ನಂಬುವುದಿಲ್ಲ. ತಿಂಗಳೊಳಗೆ ಅವನ ಗುಳ್ಳೆಗಳು ಒಣಗಿದವು, ನಾಯಿಗೆ ಕೂದಲು ಬರಲು ಎರಡು ತಿಂಗಳೇ ಬೇಕಾಯಿತು. ಮೊನ್ನೆ ಕೆಮ್ಮಿಗೆಂದು ಬಂದಿದ್ದ, ನಾಯಿ ಮೆಟ್ಟಿಲ ಮೇಲಿತ್ತು. ರೇಬಿಸ್ ಲಸಿಕೆ ಹಾಕಿಸಿದಿರಾ ಎಂದು ತಂದೆಯನ್ನು ಕೇಳಿದೆ. ಇಲ್ಲವೆಂದರು. ಮತ್ತೊಂದು ಚೀಟಿ ಬರೆದು ಆಳಂದಕ್ಕೆ ಕಳುಹಿಸಿದ್ದೇನೆ.